ಮೈನಸ್ಸಿನ ಗೆರೆ

ಪ್ರತಿ ತಿಂಗಳ ಮೊದಲನೇ ತಾರೀಕು
ಬೆಳಗಿನ ಟ್ರಿಪ್ಪು ಮುಗಿಸಿ, ಮಕ್ಕಳನ್ನು ಶಾಲೆಗಿಳಿಸಿ
ಡಿಪೋದ ಹಿಂದೆ ಹಳದಿ ಬಸ್ಸು ನಿಲ್ಲಿಸಿ
ಹೀಟರಿನ ಬಿಸಿ ಆರುವ ಮುಂಚೆ ಲೆಕ್ಕ ತೆರೆಯುತ್ತೇನೆ.
ಹೊರಗೆ ಡುಲೂತ್. ಸರೋವರ ಹೊಗೆಯಾಡುತ್ತಿದೆ,
ಮೈನಸ್ ಇಪ್ಪತ್ತಾರು.
ಒಳಗೆ ತೊಡೆಯ ಮೇಲೆ ಲ್ಯಾಪ್‌ಟಾಪು,
ಅದರಲ್ಲೂ ಮೈನಸ್ಸೇ.

ಎಡಗಡೆ ಇರುವುದು, ಬಲಗಡೆ ಕೊಡುವುದು.
ಇರುವುದು: ಉಳಿತಾಯ ಖಾತೆ, ಪಿಂಚಣಿಯ ಚೂರು,
ಒದ್ದರೆ ಮಾತ್ರ ಬಾಗಿಲು ತೆರೆಯುವ ಕಾರು
(ತಿಂಗಳಿಗೆ ನಲವತ್ತು ಇಳಿಸುತ್ತ ಬರುತ್ತೇನೆ,
ತುಕ್ಕಿಗೆ ನಾನು ಸಲ್ಲಿಸುವ ಮರ್ಯಾದೆ).
ಕೊಡುವುದು: ಮೊಣಕಾಲಿನ ಆಪರೇಷನ್ನು.
ಬರೀ ಅದೇ. ಒಂದು ಮೊಣಕಾಲು,
ಮೂವತ್ತೊಂದು ಸಾವಿರದ ನಾನೂರ ಅರವತ್ತು ಡಾಲರು.
ನನ್ನ ಮೈಯಲ್ಲಿ ಅಷ್ಟು ಬೆಲೆಬಾಳುವ ಇನ್ನೊಂದು ಅಂಗವಿಲ್ಲ;
ಆದರೂ ಅದನ್ನು ಎಡಗಡೆ ಬರೆಯುವ ಹಾಗಿಲ್ಲ.

ಅದಕ್ಕೇ ಈ ಇನ್ನೊಂದು ಕೆಲಸ:
ಕಿವಿಗೆ ಹೆಡ್‌ಫೋನು ಸಿಕ್ಕಿಸಿ
ಯಾವ ಊರಿನ ಯಾರದೋ ಮಾತು ಕೇಳಿ ಕೇಳಿ
ಟೈಪು ಮಾಡಿ ಕಳಿಸುವುದು.
ಧ್ವನಿಯ ನಿಮಿಷಕ್ಕೆ ಅರವತ್ತು ಸೆಂಟು.
ಗಳಗಳ ಮಾತಾಡುವವರು ನನಗೆ ನಷ್ಟ,
ತಡವರಿಸಿ ನಿಲ್ಲುವವರಿಂದ ಒಂದಿಷ್ಟು ಗಿಟ್ಟುತ್ತದೆ.
ಮೌನಕ್ಕೂ ಅದೇ ದರ, ಬೆರಳಿಗೆ ವಿರಾಮ.

ಹೋದ ವಾರ ಒಂದು ವಿಚ್ಛೇದನ.
ದೋಣಿ ಒಂಬತ್ತು ಸಾವಿರ. ಫ್ರೀಜರ್ ಇನ್ನೂರು.
ಒಳಗಿನ ಜಿಂಕೆ ಮಾಂಸ ಲೆಕ್ಕಕ್ಕಿಲ್ಲ.
ನಾಯಿ? ಎಂದರು ವಕೀಲರು.
ಹನ್ನೊಂದು ವರ್ಷದ್ದು, ಕಿವುಡು,
ಸೊನ್ನೆ ಬರ್ಕೊಳ್ಳಿ, ಎಂದ ಗಂಡ.
ಆಮೇಲೆ ಎರಡು ನಿಮಿಷ ಹದಿನೆಂಟು ಸೆಕೆಂಡು
ಯಾರೂ ಮಾತಾಡಲಿಲ್ಲ.
ಆಮೇಲೆ ಅವಳು ಏನೋ ಅಂದಳು.
ಏಳು ಸಲ ಹಿಂದಕ್ಕೆಳೆದು ಕೇಳಿದೆ,
ಕೊನೆಗೆ ನಿಯಮದಂತೆ ಬರೆದೆ: ಅಸ್ಪಷ್ಟ.
ಆ ಮೌನದಿಂದ ನನಗೆ ಬಂದದ್ದು
ಒಂದು ಡಾಲರು ಮೂವತ್ತೆಂಟು ಸೆಂಟು.
ಯಾವ ಸಾಲಿಗೆ ಹಾಕಲಿ ಎಂದು
ಆ ರಾತ್ರಿ ಸ್ವಲ್ಪ ಹೊತ್ತು ಕೂತಿದ್ದೆ.
ಆದಾಯ ಎಂಬಲ್ಲಿ ಹಾಕಿದೆ.

ಹನಿಹನಿಗೂಡಿದರೆ ಹಳ್ಳ, ಸರಿ.
ಇಲ್ಲಿ ಹನಿ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುತ್ತದೆ.
ನಾಲ್ಕು ಚಳಿಗಾಲ, ಸಾಲಿನ ಕೆಳಗೆ ಸಾಲು.
ಒಂದು ಮಾರ್ಚಿನಲ್ಲಿ ಕಾರಿನ ಗೇರು ಕೈಕೊಟ್ಟು
ಎರಡು ಸಾವಿರ ಹಿಂದಕ್ಕೆ ಜಾರಿದೆ.
ದಿನಾ ತಕ್ಕಡಿ ಹತ್ತಿದರೆ ತೂಕ ಇಳಿಯುತ್ತೇನೆ, ಐಲಾ?
ನಕ್ಕಳು ತಂಗಿ ಲೆಂಪಿ.
ಇಳಿಯದಿದ್ದರೂ ಹತ್ತುತ್ತೇನೆ, ಎಂದೆ.

ಇವತ್ತು ಕೊನೆಯ ಅಂಕಿ ಹಾಕಿದೆ.
ಅಡಿಯ ಚೌಕದಲ್ಲಿ ನಲವತ್ತೊಂದು ಚಿಲ್ಲರೆ.
ಏನೋ ಕಾಣೆಯಾಗಿದೆ ಅನ್ನಿಸಿತು,
ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವಂತೆ
ಕಣ್ಣು ಅಲ್ಲಿಗೇ ಹೋಯಿತು:
ಅಂಕಿಯ ಹಿಂದೆ ಯಾವಾಗಲೂ ಇರುತ್ತಿದ್ದ
ಆ ಪುಟ್ಟ ಗೆರೆ ಇರಲಿಲ್ಲ.
ಉಸಿರಿನ ಮಬ್ಬಿನಡಿ ಅಡಗಿರಬಹುದೆಂದು
ತೋಳಿನಿಂದ ಪರದೆ ಒರೆಸಿದೆ. ಇರಲಿಲ್ಲ.

ಐವತ್ತಮೂರು ವರ್ಷ, ಎಲ್ಲ ಕೂಡಿ ಕಳೆದು
ನಲವತ್ತೊಂದು ಡಾಲರು ಹನ್ನೆರಡು ಸೆಂಟು.
ಲೆಂಪಿಗೆ ಫೋನು ಮಾಡಿದೆ, ಪಾಳಿಯಲ್ಲಿದ್ದಳು, ಎತ್ತಲಿಲ್ಲ.
ಸಂಜೆಯ ಟ್ರಿಪ್ಪಿನ ತನಕ ತಡೆದೆ.
ಕೊನೆಯ ಸ್ಟಾಪಿಗೆ ಉಳಿಯುವವನು ಸೋರೆನ್, ಒಂದನೇ ಕ್ಲಾಸು;
ಕನ್ನಡಿಯಲ್ಲಿ ನೋಡುತ್ತ ಅವನಿಗೇ ಹೇಳಿಬಿಟ್ಟೆ:
ನನ್ನ ಹತ್ತಿರ ಇವತ್ತು ನಲವತ್ತೊಂದು ಡಾಲರಿದೆ ಕಣೋ,
ಯಾರಿಗೂ ಕೊಡಬೇಕಾದ್ದಲ್ಲ.

ಅವನು ಕೈಗವಸು ಕಚ್ಚಿ ಎಳೆದು
ಜೇಬು ತಡಕಿ ಲೆಕ್ಕ ಮಾಡಿದ.
ನನ್ನ ಹತ್ತಿರ ಮೂರು. ಮತ್ತೆ ಇದು, ಎಂದು
ಟಿಶ್ಯೂ ಕಾಗದ ಬಿಚ್ಚಿ ತೋರಿಸಿದ,
ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಹಲ್ಲು.
ಎಷ್ಟು ಬರುತ್ತೆ ಅದಕ್ಕೆ?
ಗೊತ್ತಿಲ್ಲ, ಎಂದ. ರಾತ್ರಿ ದಿಂಬಿನ ಕೆಳಗಿಡಬೇಕು,
ಬೆಳಿಗ್ಗೆ ತಿಳಿಯುತ್ತೆ.

ಬಾಗಿಲು ಮುಚ್ಚಿ ಸೀಟು ಸೀಟು ನೋಡುತ್ತ ಹಿಂದಕ್ಕೆ ನಡೆದೆ.
ಮೊಣಕಾಲು ಒಳ್ಳೆಯದಾಗಿಯೇ ಮಡಚುತ್ತಿತ್ತು.
ಒಂಬತ್ತನೇ ಸಾಲಿನಲ್ಲಿ ಅವನದೇ ಕೈಗವಸು, ಒಂದೇ,
ಇನ್ನೂ ಬೆಚ್ಚಗಿತ್ತು.