ಹನ್ನೊಂದನೆಯ ಪ್ರಶ್ನೆ

ಗುರುವಾರ ವಿದ್ಯಾನಗರದ ಕೋರ್ಟು.
ಅಷ್ಟರೊಳಗೆ ಕಾಗದಗಳನ್ನೆಲ್ಲ ತಾರೀಕಿನಂತೆ ಜೋಡಿಸಿ,
ಕನ್ನಡದ್ದನ್ನು ಮಲಯಾಳಕ್ಕೆ ಮಾಡಿಸಿ ತನ್ನಿ
ಎಂದಿದ್ದಾರೆ ಪ್ರಸೀತ ವಕೀಲರು.

ಕುಂಬಳೆ ಸ್ಟೇಷನ್ ರಸ್ತೆಯ ಜೆರಾಕ್ಸ್ ಅಂಗಡಿ.
ಜನನ ಪತ್ರ, ರೇಷನ್ ಕಾರ್ಡು,
ಮಡಿಕೆಯಲ್ಲಿ ಹರಿದ ಲಸಿಕೆ ಪುಸ್ತಕ,
ಎರಡನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡು.
ಪಾಲಕರ ಸಹಿ: ಮೂರು ಸಲ ನಾನು,
ಒಂದು ಸಲ ಪುರಂದರ.
ಆ ಒಂದರ ಮೇಲೆ ನನ್ನ ಹೆಬ್ಬೆರಳಿತ್ತು.
'ಎರಡೂ ಬದಿ ಬೇಕಾ?' ಕೇಳಿದ ಸಿರಾಜ್.
ಬೇಕು ಅನ್ನಲು ಯಾಕೋ ಹೊತ್ತಾಯಿತು.

ಗೋವಿಂದ ಮಾಷ್ಟ್ರಿಗೆ ಎಲ್ಲಕ್ಕೂ ಪದ ಸಿಕ್ಕಿತು.
ಡೈರಿಯಲ್ಲಿ ಟೀಚರು ಬರೆದ ಒಂದು ಸಾಲಿಗೆ ಪೆನ್ನು ನಿಂತಿತು:
'ಮೇದಿನಿ ಇವತ್ತು ಯಾರ ಹತ್ತಿರವೂ ಮಾತಾಡಲಿಲ್ಲ.
ಗಂಟಲು ನೋವಲ್ಲ.'
'ಇದು ನಿಮ್ಮ ಪರವೋ, ವಿರುದ್ಧವೋ?' ಅಂದರು.
ಅದು ಮಂಗಳವಾರದ್ದು, ಅಂದೆ.

ರಾತ್ರಿ, ಅವಳ ಹಳೆಯ ಕಾಪಿ ಪುಸ್ತಕದ ಹಿಂಬದಿಯಲ್ಲಿ
ಪೆನ್ಸಿಲಿನಿಂದ, ಅವನಿಗೆ ಕೇಳಿಸಬೇಕಾದ ಪ್ರಶ್ನೆಗಳು.
ಮಗಳ ಟೀಚರ ಹೆಸರೇನು?
ಶೂ ನಂಬರು ಎಷ್ಟು?
ಯಾವ ಮಾತ್ರೆಗೆ ಅವಳ ಮೈಯೆಲ್ಲ ದಡಿಕೆ ಏಳುತ್ತದೆ?
ಓಣಂ ಪರೀಕ್ಷೆಗೆ ಜ್ವರ ಬಂದಾಗ ನೀವೆಲ್ಲಿದ್ದಿರಿ?
ಹೀಗೆ ಹತ್ತು.
ಗೊತ್ತಿಲ್ಲ, ಗೊತ್ತಿಲ್ಲ ಎಂದು ಅವನು ಕಟಕಟೆಯಲ್ಲಿ ಬೆವರುವುದನ್ನು
ಗಂಜಿ ಬಸಿಯುತ್ತ ನೋಡಿದೆ. ಹಿತವಾಗಿತ್ತು.

ಹನ್ನೊಂದು:
ಮೊದಲು ಬಿದ್ದ ಹಲ್ಲು ಯಾವುದು? ಏನು ಮಾಡಿದಿರಿ?

ಬರೆದ ಮೇಲೆ ನೆನಪಾಯಿತು.
ಕೆಳಸಾಲು, ಎಡಗಡೆಯದ್ದು.
ಆಸ್ಪತ್ರೆಯಲ್ಲಿ ನನಗೆ ನೈಟ್ ಡ್ಯೂಟಿ.
ಪಕ್ಕದ ಮನೆಯಿಂದ ಸಗಣಿ ತಂದು ಉಂಡೆ ಕಟ್ಟಿ
ಹಲ್ಲಿಟ್ಟು ಮಾಡಿಗೆ ಎಸೆದನಂತೆ.
ಗುರಿ ತಪ್ಪಿತಂತೆ.
ಟಾರ್ಚು ಹಿಡಿದು ಅಂಗಳವಿಡೀ ಹುಡುಕಿ
ಮತ್ತೆ ಎಸೆದನಂತೆ, ಅವಳನ್ನು ಹೆಗಲಿಗೇರಿಸಿ.
ಬೆಳಿಗ್ಗೆ ಚಪ್ಪಲಿ ಬಿಡುವ ಮೊದಲೇ ಹೇಳಿದ್ದಳು,
ಗಾಳಿ ಸೋರುವ ಬಾಯಲ್ಲಿ.

ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳಬೇಕು
ಎಂದಿದ್ದರು ವಕೀಲರು.
ಗೊತ್ತಿದೆ. ಅವನಿಗೂ.

ಒಳಗೆ ಮೇದಿನಿ ನಿದ್ದೆಯಲ್ಲಿ ಹಲ್ಲು ಕಡಿದಳು.
ಯಾವುದೋ ರೈಲು ಕುಂಬಳೆಯಲ್ಲಿ ನಿಲ್ಲದೆ ಹೋಯಿತು.
ಅವಳ ಕಂಪಾಸು ಪೆಟ್ಟಿಗೆಯಿಂದ ರಬ್ಬರು ತೆಗೆದು ಉಜ್ಜಿದೆ.
ಗುಲಾಬಿ ಬಣ್ಣದ್ದು, ಸ್ಟ್ರಾಬೆರಿ ವಾಸನೆಯದ್ದು.
ಇದರಲ್ಲಿ ಯಾವುದೂ ಸರಿಯಾಗಿ ಅಳಿಯುವುದಿಲ್ಲ,
ಬೇರೆ ತಂದುಕೊಡು ಎಂದು
ಎಷ್ಟು ದಿನದಿಂದ ಹೇಳುತ್ತಿದ್ದಳು.