ಮೆಮೊಗೆ ಉತ್ತರ

ಲಗ್ಗೆರೆಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆ.
ಏಳರ ಬ್ಯಾಚು ಮುಗಿದು, ಹಲಗೆಯ ಮೇಲೆ
ರಾಗಿಹಿಟ್ಟೋ ಸೀಮೆಸುಣ್ಣವೋ, ಯಾವುದೋ ಪುಡಿ
ಮೆಲ್ಲಗೆ ಕೂರುತ್ತಿದ್ದಾಗ
ಹೊನ್ನಗಂಗಮ್ಮ ಬಂದಳು. ಚಪ್ಪಲಿ ಹೊರಗೆ ಬಿಟ್ಟು,
ಊಟದ ಡಬ್ಬಿಯಡಿಯಿಂದ ಮಡಿಸಿದ ಹಾಳೆ ತೆಗೆದು
"ಮಿಸ್, ಏನ್ ಬರೆದವ್ರೆ ನೋಡಿ."

ಯೂ ಲೆಫ್ಟ್ ದ ಮಷೀನ್, ದ ಲೈನ್ ಸ್ಟಾಪ್ಡ್.
ಅಷ್ಟೇ. ಕೆಳಗೆ ಸೀಲು,
ನಲವತ್ತೆಂಟು ಗಂಟೆಯೊಳಗೆ ಉತ್ತರ.

ಹತ್ತೊಂಬತ್ತು ವರ್ಷದ ಚಟ, ಕೈ ಸುಮ್ಮನಿರಲಿಲ್ಲ.
ಕೆಂಪು ಪೆನ್ನು ತೆಗೆದು ಆ ಕಾಮಾಕ್ಕೆ ಸುತ್ತು ಹಾಕಿ
"ತಪ್ಪು" ಅಂದೆ.
"ಅಲ್ವಾ ಮಿಸ್! ನಾನೂ ಅದನ್ನೇ ಅಂದಿದ್ದು!"
ಅದಲ್ಲ ಕಣೇ. ವ್ಯಾಕರಣದ ತಪ್ಪು.
ಇವು ಎರಡು ಪೂರ್ತಿ ವಾಕ್ಯ,
ಎರಡಕ್ಕೂ ಸ್ವಂತ ಕರ್ತೃ, ಸ್ವಂತ ಕ್ರಿಯೆ.
ನಡುವೆ ಬರೀ ಕಾಮಾ ಇಟ್ಟರೆ ಇಂಗ್ಲಿಷು ಒಪ್ಪುವುದಿಲ್ಲ.
ಚುಕ್ಕಿ ಇಡಬೇಕು, ಇಲ್ಲ ಸೆಮಿಕೋಲನ್ನು,
ಇಲ್ಲ ಕಾಮಾದ ಪಕ್ಕ ಒಂದು ಆ್ಯಂಡೋ ಬಟ್ಟೋ ಸೋನೋ
ಬಂದು ನಿಲ್ಲಬೇಕು.

ಬೆರಳ ತುದಿಯಲ್ಲಿ ಕಾಮಾವನ್ನು ಮುಟ್ಟಿ ನೋಡಿದಳು,
ಸೂಜಿ ಸಾವಿರ ಸಲ ಚುಚ್ಚಿದ ಬೆರಳು.
"ಕಚ್ಚಾ ಹೊಲಿಗೆ. ಕಾಲರ್ ಜರುಗದಿರ್ಲಿ ಅಂತ ಹಾಕ್ತೀವಲ್ಲ.
ಅದನ್ನೇ ಪ್ಯಾಕಿಂಗಿಗೆ ಕಳಿಸಿದ್ರೆ
ನಮಗೆ ಮೆಮೊ ಕೊಡ್ತಾರೆ."

ಸರಿ, ಆಗಿದ್ದೇನು ಹೇಳು.
"ಕರೆಂಟ್ ಹೋಗಿ, ಜನರೇಟರ್ ಕೆಮ್ಮಿ ಕೆಮ್ಮಿ ಸತ್ತು,
ಮಷೀನೆಲ್ಲ ನಿಂತು, ಸೆಕೆ ತಡೀದೆ ನಾನೆದ್ದು,
ಎರಡು ಲೋಟ ನೀರು ಕುಡಿದು ಬಂದು ನೋಡಿದ್ರೆ
ಇನ್‌ಚಾರ್ಜು ನನ್ನ ಸ್ಟೂಲ್ ಹತ್ರ ನಿಂತವ್ನೆ."

ನಮ್ಮ ಮಾತು ಹೀಗೆ. ಇಷ್ಟೂ ಕ್ರಿಯೆ
ಒಂದರ ಸೆರಗು ಒಂದು ಹಿಡಿದು ಬಸ್ಸು ಹತ್ತುತ್ತವೆ,
ಕೊನೆಗೆ ಹತ್ತಿದ್ದು ಎಲ್ಲರದೂ ಟಿಕೆಟ್ಟು ತೆಗೆಸುತ್ತದೆ.
ಇಂಗ್ಲಿಷಿನಲ್ಲಿ ಒಬ್ಬೊಬ್ಬರಿಗೂ ಬೇರೆ ಚೀಟಿ,
ಮೇಲೆ, ಯಾರಿಗೆ ಯಾರು ಏನಾಗಬೇಕು ಅನ್ನುವುದಕ್ಕೂ
ಕಾಗದ ತೋರಿಸಬೇಕು.

ಆಗ ನನಗೆ ಹೊಳೆದದ್ದು, ತಡವಾಗಿ:
ಬಿಕಾಸ್ ಅಂತ ಬರೆದಿದ್ದರೆ ಅವರು ರುಜುವಾತು ಕೊಡಬೇಕಿತ್ತು.
ಕಾಮಾ ಇಟ್ಟು ಕೈತೊಳೆದುಕೊಂಡಿದ್ದಾರೆ.
ಅವಳು ಎದ್ದಳು ಎಂಬುದು ನಿಜ. ಲೈನು ನಿಂತದ್ದೂ ನಿಜ.
ಸುಳ್ಳು ಇರುವುದು
ನಡುವಿನ ಆ ಬಾಲದ ಚುಕ್ಕಿಯಲ್ಲಿ.
ಇಷ್ಟು ವರ್ಷ ಅದಕ್ಕೆ ನಾನು ಅರ್ಧ ಅಂಕವಷ್ಟೇ ಕಳೆದಿದ್ದೆ.

ಬರೆದೆವು. ದ ಪವರ್ ಫೇಲ್ಡ್, ಸೋ ದ ಲೈನ್ ಸ್ಟಾಪ್ಡ್.
ಐ ಸ್ಟುಡ್ ಅಪ್ ಆಫ್ಟರ್ ಇಟ್ ಸ್ಟಾಪ್ಡ್.
"ಆಫ್ಟರ್ ಅಂದ್ರೆ?"
ಆಮೇಲೆ.
"ಅದಕ್ಕೊಂದು ಬ್ಯಾಕ್‌ಟ್ಯಾಕ್ ಹೊಡೀರಿ ಮಿಸ್, ಬಿಚ್ಚದಂಗೆ."
ಆಫ್ಟರ್ ಕೆಳಗೆ ಗೆರೆ ಎಳೆದೆ. ನಿಯಮದಲ್ಲಿಲ್ಲ, ಎಳೆದೆ.

ಕೆಳಗೆ ಕನ್ನಡದಲ್ಲೇ ಸಹಿ ಹಾಕಿದಳು, ಹೊ ತುಂಬ ದೊಡ್ಡದಾಗಿ.
"ಈ ಗಲಾಟೆ ಸರಿ ಆದರೆ ನಾನೂ ಬ್ಯಾಚಿಗೆ ಸೇರ್ತೀನಿ."
ಬೆಳಿಗ್ಗೆಯೇ ಹಲಗೆಯ ಮೂಲೆಯಲ್ಲಿ ಬರೆದಿಟ್ಟಿದ್ದೆ:
ಬಟ್ ಎಂದರೆ ಆದರೆ.
ಇವಳ ಆದರೆ ಬಟ್ ಅಲ್ಲ, ಇಫ್.
ಅಡ್ಡ ಬರುವುದಕ್ಕೂ ಆಸೆಪಡುವುದಕ್ಕೂ
ನಮ್ಮಲ್ಲಿ ಒಂದೇ ಮಾತು ಇರುವುದನ್ನು
ಯಾವ ಬ್ಯಾಚಿಗೂ ನಾನು ಹೇಳಿಕೊಟ್ಟಿಲ್ಲ.

ಹಾಳೆ ಡಬ್ಬಿಯಡಿಗೆ ಸೇರಿತು. ಎದ್ದು ಹೊರಟಳು.
ಮೂರು ಮೆಟ್ಟಿಲು ಇಳಿದಿರಬೇಕು,
ಗಿರಣಿಯ ಬೆಲ್ಟು ಎಳೆದೆಳೆದು ನಿಂತಿತು, ಫ್ಯಾನು ನಿಂತಿತು,
ರಿಂಗ್ ರೋಡಿನವರೆಗೂ ಕತ್ತಲೆ.
ಆ ಕತ್ತಲಲ್ಲಿ, ಕೆಳಗಿನಿಂದ, ನಗುವನ್ನು ಹಲ್ಲಲ್ಲಿ ಕಚ್ಚಿಕೊಂಡ ದನಿ:

"ಮಿಸ್, ನಾನ್ ಎದ್ದಿದ್ದಕ್ಕಲ್ಲ!"