ಒಸಡಿನ ಬಣ್ಣದ ಮೊಣಕಾಲು

ನನ್ನ ಕಸುಬು ಹಲ್ಲಿನದು.
ದಾವಣಗೆರೆಯ ಈ ಓಣಿಯಲ್ಲಿ, ಮಿರ್ಚಿ ಕರಿದ ಹೊಗೆ
ನೇರ ಕಿಟಕಿಗೇ ಏರಿಬರುವ ಮಾಳಿಗೆಯ ಕೋಣೆಯಲ್ಲಿ
ಡಾಕ್ಟರು ಕಳಿಸಿದ ಅಚ್ಚಿಗೆ ಮೇಣ ಸುರಿದು,
ಹಲ್ಲು ಕೂರಿಸಿ, ಉಜ್ಜಿ, ಹೊಳಪು ಕೊಟ್ಟು
ಇಪ್ಪತ್ತೆರಡು ವರ್ಷ.
ಈ ಊರಲ್ಲಿ ವಯಸ್ಸಾದವರು ಯಾರು ನಕ್ಕರೂ
ಸ್ವಲ್ಪ ಹೆಚ್ಚೇ ಹೊತ್ತು ನೋಡುತ್ತೇನೆ:
ನನ್ನದೇ ಇರಬಹುದು.

ಹನೀಫಾಬಿ ಬಂದದ್ದು ಹಲ್ಲಿಗಲ್ಲ.
ಮಂಡಕ್ಕಿ ಭಟ್ಟಿಯ ಮಸಿ ಇನ್ನೂ ಉಗುರಲ್ಲಿತ್ತು.
ಸೆರಗಿನ ಗಂಟು ಬಿಚ್ಚಿ ಮೇಜಿಗೆ ಸುರಿದರು:
ಒಂದು ಎದೆ, ಎರಡು ಕಾಲು, ಒಂದೂವರೆ ಕೈ,
ಮೂಗು ಸವೆದ ಸಿಪಾಯಿಯ ತಲೆ.
"ಎಂಬತ್ತಾರರಾಗ ನಮ್ಮ ಮಾಮು ಕುವೈತಿಂದ ತಂದಿದ್ದು.
ಹಲ್ಲು ಜೋಡ್ಸೋ ಕೈ ಇದನ್ನೂ ಜೋಡಿಸ್ತತಿ ಅಂದ್ರು.
ಆಗ್ತತೇನ್ರಿ?"

ಬೆನ್ನಿನ ತಿರುಪು ತುಕ್ಕು ಹಿಡಿದಿತ್ತು.
ಎರಡು ಹನಿ ಹೊಲಿಗೆ ಮಿಷನ್ನಿನ ಎಣ್ಣೆ, ಒಂದು ರಾತ್ರಿ.
ಬೆಳಿಗ್ಗೆ ಬಿಚ್ಚಿದರೆ ಒಳಗೆ ಟೊಳ್ಳು.
ಸೊಂಟದ ಕೊಕ್ಕೆಗೆ ಕರಗಿ ಬೆಲ್ಲದ ಪಾಕದಂತೆ ಅಂಟಿದ್ದ
ರಬ್ಬರ್ ಉಂಗುರದ ಚೂರು.
ಅಷ್ಟೇ.
ಬೂಟು, ಎದೆಗೆ ಅಡ್ಡಬಿಗಿದ ಗುಂಡಿನ ಪಟ್ಟಿ,
ನಲವತ್ತು ವರ್ಷದಿಂದ ಯಾರನ್ನೋ ಗದರಿಸುತ್ತಿರುವ ಆ ಹುಬ್ಬು,
ಎಲ್ಲ ನೇತಾಡಿದ್ದು ಕಡಲೆಕಾಳಿನಷ್ಟು ರಬ್ಬರಿಗೆ.

ಸೊಟ್ಟ ಹಲ್ಲಿನ ಮಕ್ಕಳ ತಂತಿಗೆ ಹಾಕುವ ಉಂಗುರ
ನನ್ನ ಡಬ್ಬಿಯಲ್ಲಿ ನೂರಿವೆ. ಗಟ್ಟಿಯಾದದ್ದನ್ನೇ ಆರಿಸಿದೆ.
ಎಡ ಮೊಣಕೈಯ ಗೂಟ ಒಳಗೇ ಮುರಿದು ಕೂತಿತ್ತು.
ಕುದಿಯುವ ನೀರು ಆಗದು,
ಕುಡಿಯಲು ತಡೆಯುವ ಚಹಾದಷ್ಟು ಬಿಸಿ ಸಾಕು, ಎರಡು ನಿಮಿಷ.
ಹಳೇ ಪ್ಲಾಸ್ಟಿಕ್ಕು ಅವಸರ ಮಾಡಿದರೆ ಬಿಸ್ಕತ್ತು.
ಮೆತ್ತಗಾದ ಮೇಲೆ ಗೂಟ ತೆಗೆದು,
ಸಣ್ಣ ಬರ್‌ನಿಂದ ತೂತು ಕೊರೆದು,
ಕಟ್ಟುಹಲ್ಲಿನ ಕೊಂಡಿಗೆ ಬಳಸುವ ಸ್ಟೀಲು ತಂತಿ ಇಳಿಸಿದೆ.
ಮೊಣಕಾಲಿನ ಒಂದು ಕಿವಿ ಸಿಡಿದೇ ಹೋಗಿತ್ತು.
ಹೊಸದಾಗಿ ಕಟ್ಟಬೇಕು. ನನ್ನಲ್ಲಿರುವುದು ಒಂದೇ ಬಣ್ಣ.
ಹೀಗೆ, ಹಸಿರು ಪ್ಯಾಂಟಿನ ಸಿಪಾಯಿಗೆ
ಒಸಡಿನ ಬಣ್ಣದ ಮೊಣಕಾಲು.

ಶುಕ್ರವಾರ ಬಂದರು. ನಿಲ್ಲಿಸಿ ತೋರಿಸಿದೆ.
ಫ್ಯಾನಿನ ಗಾಳಿಗೂ ಅಲುಗಲಿಲ್ಲ.
ಗುಲಾಬಿ ಮೊಣಕಾಲಿಗೆ ಅವರು ನಗಲೂ ಇಲ್ಲ, ಬೈಯಲೂ ಇಲ್ಲ.
"ಇವ ನಿಂತಾನಲ್ರಿ," ಅಂದರು.
ನಿಲ್ಲಲಿ ಅಂತಲೇ ಅಲ್ಲವೇ?
"ಇವ ಯಾವತ್ತೂ ನಿಂತವನಲ್ಲ.
ತಂದ ವಾರಕ್ಕೇ ಸೊಂಟ ಸಡಿಲ.
ಅಬ್ಬಾನ ತಕ್ಕಡಿ ಪಕ್ಕ ಗೋಡೆಗೆ ಒರಗಿ ಕೂತಿರ್ತಿದ್ದ.
ಮಂಡಕ್ಕಿ ಚೀಲ ದಡ್ ಅಂತ ಬಿದ್ರೆ
ಹೂಂ ಅಂತ ತಲಿ ಹಾಕ್ತಿದ್ದ.
ಅಬ್ಬಾ ಅವನ್ನ ಕೇಳೇ ರೇಟು ಹೇಳ್ತಿದ್ದ."

ಒಳಗೆ ಎಲ್ಲೋ ಚುರುಕ್ ಅಂತು, ಸುಳ್ಳೇಕೆ.
ಹಿಂದೊಮ್ಮೆ ಮಿಲ್ಲಿನ ಫಿಟ್ಟರ್ ಚನ್ನವೀರಪ್ಪ
ಹೊಸ ಸೆಟ್ಟು ವಾಪಸು ತಂದಿದ್ದ:
ಎಲ್ಲ ಸರಿ ಐತಿ, ಹಳೇದು ಟಕ್ ಅಂತಿತ್ತು, ಇದು ಅನ್ನಂಗಿಲ್ಲ.
ಅವತ್ತು ನಕ್ಕು ಕಳಿಸಿದ್ದೆ.

ಉಂಗುರ ಬಿಚ್ಚಿದೆ.
ಸ್ಪಿರಿಟ್ ಬಾಟಲಿಯ ಕುತ್ತಿಗೆಗೆ ತೊಡಿಸಿ ನಾಲ್ಕು ದಿನ ಬಿಟ್ಟೆ.
ಜೀವನದಲ್ಲಿ ಮೊದಲ ಸಲ ಒಂದು ಕೆಲಸವನ್ನು
ಬೇಕೆಂದೇ ಅಷ್ಟು ಜಾಗ್ರತೆಯಿಂದ ಕೆಡಿಸಿದೆ.
ಮತ್ತೆ ಹಾಕಿ, ಬಂದಾಗ ಗೋಡೆಗೆ ಒರಗಿಸಿದೆ. ಸೊಂಟ ಕುಸಿಯಿತು,
ಗಲ್ಲ ಎದೆಗೆ ಬಂತು, ಯಾವುದೋ ಲೆಕ್ಕದಲ್ಲಿದ್ದವನ ಹಾಗೆ.
"ಎಷ್ಟಾತ್ರಿ?"
ಇವನನ್ನೇ ಕೇಳಿ, ಅಂತ ಮೇಜು ಗುದ್ದಿದೆ.
ತಲೆ ಹಾಕಿದ.
ಅವರು ಇನ್ನೂರು ಇಟ್ಟು, ಬಾಯಿಗೆ ಸೆರಗು ಹಿಡಿದು
ಮೆಟ್ಟಿಲು ಇಳಿದರು. ನಗುವೋ ಏನೋ, ಬೆನ್ನಷ್ಟೇ ಕಂಡಿತು.

ತಿಂಗಳು ಬಿಟ್ಟು ಫೋನು:
ಕೈ ಬಿತ್ತು.
ಎಡದ್ದಾ?
ಅಲ್ಲ, ಬಲ.
ಅದು ನಾನು ಮುಟ್ಟದ ಕೈ.
ತಗೊಂಡು ಬನ್ನಿ, ಅಂದೆ.